ಬೆಥನಿಯ ಹಿತ್ತಲಿನಲ್ಲಿ ಟ್ರೇಲರ್ ನಿಲ್ಲಿಸಿ ಬಾಡಿಗೆಗೆ ಕೊಡಬಹುದೇ?

ಬೆಥನಿವಾಸಿ

ಎಲ್ಲರಿಗೂ ನಮಸ್ಕಾರ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಪಕ್ಕದ ಬೆಥನಿಯಲ್ಲಿ ಹನ್ನೊಂದು ವರ್ಷಗಳಿಂದ ವಾಸವಾಗಿದ್ದೇನೆ. ಕೋವಿಡ್ ಕಾಲದಲ್ಲಿ, ವಿಮಾನ ಹತ್ತಲು ಎಲ್ಲರೂ ಹೆದರುತ್ತಿದ್ದಾಗ, ಮಕ್ಕಳನ್ನು ಸುತ್ತಾಡಿಸಲೆಂದು ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ, ಟ್ರಕ್ಕಿಗೆ ಸಿಕ್ಕಿಸಿ ಎಳೆಯುವ 24 ಅಡಿ ಉದ್ದದ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡೆವು. ಮೂರು ಬೇಸಿಗೆ ಚೆನ್ನಾಗಿ ಬಳಸಿದೆವು. ಈಗ ಮಕ್ಕಳು ದೊಡ್ಡವರಾಗಿದ್ದಾರೆ, ಟ್ರೇಲರ್ ಸ್ಟೋರೇಜ್ ಜಾಗದಲ್ಲಿ ಸುಮ್ಮನೆ ನಿಂತಿದೆ, ಅದರ ಜಾಗಕ್ಕೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಅವರನ್ನು ಸಂಜೆಯ ಹೊತ್ತು ನೋಡಿಕೊಳ್ಳುವ ಹುಡುಗ ಹಗಲಿನಲ್ಲಿ ಇಲ್ಲಿನ ಸಮುದಾಯ ಕಾಲೇಜಾದ ಪಿಸಿಸಿಯ ರಾಕ್ ಕ್ರೀಕ್ ಕ್ಯಾಂಪಸ್‌ನಲ್ಲಿ ಓದುತ್ತಾನೆ. ರಾತ್ರಿ ಕೆಲಸ ಮುಗಿಸಿಕೊಂಡು ಪೋರ್ಟ್‌ಲ್ಯಾಂಡಿನ ಆ ತುದಿಯಾಚೆಯ ಗ್ರೆಶಮ್‌ವರೆಗೆ ಹಳೆಯ ಕಾರಿನಲ್ಲಿ ಹೋಗುತ್ತಾನೆ, ಬೆಳಿಗ್ಗೆ ವಾಹನ ದಟ್ಟಣೆಯಲ್ಲಿ ಒಂದೂಕಾಲು ಗಂಟೆ ಕುಳಿತು ಮತ್ತೆ ಬರುತ್ತಾನೆ. ಹತ್ತಿರದಲ್ಲಿ ಅವನ ಕೈಗೆಟುಕುವ ಕೋಣೆ ಸಿಕ್ಕಿಲ್ಲ. ನಮ್ಮ ಹಿತ್ತಲಿನಲ್ಲಿ ಟ್ರೇಲರ್ ನಿಲ್ಲಿಸಿ ಅವನಿಗೆ ಕಡಿಮೆ ಬಾಡಿಗೆಗೆ ಕೊಡೋಣವೆಂದು ಮನೆಯವರೆಲ್ಲ ಯೋಚಿಸಿದ್ದೇವೆ. ಪೋರ್ಟ್‌ಲ್ಯಾಂಡಿನಲ್ಲಿ 2021ರಿಂದ ಇದಕ್ಕೆ ಅನುಮತಿ ಇದೆ ಎಂದು ಓದಿದೆ. ನನ್ನ ವಿಳಾಸವೂ ಪೋರ್ಟ್‌ಲ್ಯಾಂಡ್ 97229 ಎಂದೇ ಇದೆ. ಈ ನಿಯಮ ನನಗೆ ಅನ್ವಯಿಸುತ್ತದೆಯೇ? ಒಂದು ವೇಳೆ ಅವನು ಬಾಡಿಗೆ ಕೊಡುವುದು ನಿಂತರೆ, ಅದು ಗಾಡಿಯೇ ಆದ್ದರಿಂದ ಟ್ರಕ್ಕಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬಹುದೇ? ಎರಡನೆಯ ಪ್ರಶ್ನೆ ನನ್ನ ತಮ್ಮನದು, ಆದರೆ ಉತ್ತರ ನನಗೂ ಬೇಕು.

ಲೆಂಟ್ಸ್ ಹಿತ್ತಲು

ನಿಮ್ಮ ಯೋಚನೆ ಓದಿ ಸಂತೋಷವಾಯಿತು. ನಾನು ಪೋರ್ಟ್‌ಲ್ಯಾಂಡ್ ನಗರದೊಳಗಿನ ಲೆಂಟ್ಸ್‌ನಲ್ಲಿದ್ದೇನೆ. 2022ರಿಂದ ನಮ್ಮ ಹಿತ್ತಲಿನಲ್ಲಿ ಒಬ್ಬ ಮಹಿಳೆ ತಮ್ಮ ಸ್ವಂತ ಟ್ರೇಲರಿನಲ್ಲಿ ವಾಸವಾಗಿದ್ದು, ಜಾಗಕ್ಕೂ ನೀರು ಕರೆಂಟಿಗೂ ಸೇರಿಸಿ ಬಾಡಿಗೆ ಕೊಡುತ್ತಿದ್ದಾರೆ. ಆದ್ದರಿಂದ ನನಗೆ ಗೊತ್ತಿರುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಲ್ಲಿ ಈ ನಿಯಮ ಒಂದೇ ದಿನದಲ್ಲಿ ಬಂದದ್ದಲ್ಲ. ಖಾಸಗಿ ಜಾಗದಲ್ಲಿ ನಿಂತ ಆರ್‌ವಿ (ನಿಮ್ಮ ಟ್ರೇಲರಿನಂಥ ವಿಹಾರ ವಾಹನ) ಮತ್ತು ಚಕ್ರದ ಮೇಲಿನ ಪುಟ್ಟ ಮನೆಗಳಲ್ಲಿ ವಾಸಿಸುವವರನ್ನು, ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯವಿಲ್ಲದಿದ್ದರೆ ಎಬ್ಬಿಸುವುದಿಲ್ಲ ಎಂದು 2017ರ ಅಕ್ಟೋಬರಿನಲ್ಲಿ ನಗರ ಸಭೆಯ ಆಗಿನ ಸದಸ್ಯೆ, ಕಮಿಷನರ್ ಕ್ಲೋಯಿ ಯೂಡೇಲಿ ಪ್ರಕಟಿಸಿದರು. ಅಂದರೆ ನಿಯಮ ಹಳೆಯದೇ ಉಳಿಯಿತು, ಜಾರಿ ಮಾತ್ರ ನಿಂತಿತು. ಮೂರೂವರೆ ವರ್ಷ ಜನ ಹಾಗೆ ಅಡ್ಡಗೋಡೆಯ ಮೇಲಿನ ದೀಪದಂತೆ ಬದುಕಿದ ಮೇಲೆ, 2021ರ ಏಪ್ರಿಲ್‌ನಲ್ಲಿ ನಗರ ಸಭೆ ಅದನ್ನು ಕಾಯಂ ಸಂಹಿತೆಯಾಗಿ ಅಂಗೀಕರಿಸಿತು. ಅದರ ತಿರುಳು ಇಷ್ಟು: ಮನೆ ಇರುವ ಒಂದು ಸೈಟಿಗೆ ಜನ ವಾಸಿಸುವ ಒಂದೇ ಒಂದು ಆರ್‌ವಿ ಅಥವಾ ಚಕ್ರದ ಮನೆ ಇರಬಹುದು. ಅದನ್ನು ಕಟ್ಟಡವೆಂದು ಎಣಿಸದೆ ವಾಹನವೆಂದೇ ಎಣಿಸುತ್ತಾರೆ. ಒಳಗೆ ನಲ್ಲಿ, ಶೌಚಾಲಯ ಇದ್ದರೆ ಅದನ್ನು ಒಳಚರಂಡಿಗೆ ಸೇರಿಸಲೇಬೇಕು. ಇಲ್ಲದಿದ್ದರೆ ವಾಸಿಸುವವರಿಗೆ ದೊಡ್ಡ ಮನೆಯ ಬಚ್ಚಲು ಮತ್ತು ಶೌಚಾಲಯವನ್ನು ಬಳಸುವ ಅವಕಾಶ ಇರಬೇಕು.

ನಮ್ಮದು ಇಲ್ಲಿನ ಸಾಮಾನ್ಯ ಅಳತೆಯ 50 ಅಡಿ 100 ಅಡಿ ಸೈಟು. ಕರೆಂಟಿನದು ಒಂದು ದಿನದ ಕೆಲಸ, ಒಳಚರಂಡಿಯದೇ ದೊಡ್ಡದು. ಪರವಾನಗಿ ಪಡೆದ ಪ್ಲಂಬರ್ ಬಂದು, ಮನೆಯ ಪಕ್ಕದಲ್ಲಿ ಹೋಗುವ ಮುಖ್ಯ ಕೊಳವೆಯವರೆಗೆ ತೋಡು ತೆಗೆದು, ಮುಚ್ಚಳವಿರುವ ಒಂದು ಬಾಯಿ ಕೂರಿಸಿದರು. ಇನ್‌ಸ್ಪೆಕ್ಟರ್ ನೋಡಿ ಒಪ್ಪುವವರೆಗೆ ತೋಡು ಮುಚ್ಚುವಂತಿರಲಿಲ್ಲ. ನಡುವೆ ಮಳೆ ಬಂದು ಅದೆಲ್ಲ ಕೆಸರಿನ ಹೊಂಡವಾಗಿ ಒಂದು ವಾರ ಒದ್ದಾಡಿದೆವು.

ಇನ್ನೊಂದು ವಿಷಯವನ್ನು ಯಾರೂ ನಮಗೆ ಮೊದಲೇ ಹೇಳಲಿಲ್ಲ. ಟ್ರೇಲರಿನ ಶೌಚದ ತೊಟ್ಟಿಯ ಕವಾಟವನ್ನು ಸದಾ ತೆರೆದಿಡಬಾರದು. ಚರಂಡಿಗೆ ಹೇಗೂ ಸೇರಿಸಿದೆಯಲ್ಲ ಎಂದು ತೆರೆದೇ ಇಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ತಳದಲ್ಲಿ ಗುಡ್ಡೆ ಕಟ್ಟುತ್ತದೆ. ತೊಟ್ಟಿ ಬಹುಪಾಲು ತುಂಬಿದ ಮೇಲೆ ಒಮ್ಮೆಲೇ ಬಿಟ್ಟು, ಹಿಂದೆಯೇ ಸ್ನಾನದ ನೀರಿನ ತೊಟ್ಟಿಯನ್ನು ಬಿಟ್ಟರೆ ಕೊಳವೆ ತೊಳೆದುಹೋಗುತ್ತದೆ. ಮೆದುಗೊಳವೆ ಎಲ್ಲಿಯೂ ತಗ್ಗಿ ನಿಲ್ಲದೆ ಇಳಿಜಾರಾಗಿರಬೇಕು. ರಜೆಗೆ ನಾಲ್ಕು ದಿನ ಹೋಗಿಬರುವವರಿಗೆ ಇದು ತಿಳಿದಿರುವುದಿಲ್ಲ, ವರ್ಷವಿಡೀ ವಾಸಿಸುವವರು ತಿಳಿದಿರಲೇಬೇಕು.

ನಕ್ಷೆಗಾರ

ಬೆಥನಿವಾಸಿಯವರೇ, ಮೊದಲ ಪ್ರಶ್ನೆಗೆ ನೇರ ಉತ್ತರ: ಅನ್ವಯಿಸುವುದಿಲ್ಲ. ಭೂಬಳಕೆಯ ಕಡತಗಳ ನಡುವೆಯೇ ನನ್ನ ಉದ್ಯೋಗ, ಮತ್ತು ಈ ತಪ್ಪು ತಿಳಿವಳಿಕೆಯನ್ನು ನಾನು ಪದೇ ಪದೇ ನೋಡಿದ್ದೇನೆ. ನಿಮ್ಮ ವಿಳಾಸದಲ್ಲಿರುವ 'ಪೋರ್ಟ್‌ಲ್ಯಾಂಡ್' ಅಂಚೆ ಇಲಾಖೆಯ ಅನುಕೂಲಕ್ಕಾಗಿ ಇರುವ ಹೆಸರು. ಬೆಥನಿ ಯಾವ ನಗರಕ್ಕೂ ಸೇರಿಲ್ಲ. ಅದು ವಾಷಿಂಗ್ಟನ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ನೇರ ಆಡಳಿತದಲ್ಲಿರುವ ಪ್ರದೇಶ, ಪೋರ್ಟ್‌ಲ್ಯಾಂಡ್ ನಗರದ ಬಹುಭಾಗವಿರುವುದು ಮಲ್ಟ್ನೋಮಾ ಕೌಂಟಿಯಲ್ಲಿ. ಆದ್ದರಿಂದ ಲೆಂಟ್ಸ್‌ನ ಅಕ್ಕ ಹೇಳಿದ ಯಾವ ಸವಲತ್ತೂ ನಿಮ್ಮ ಬೇಲಿಯವರೆಗೆ ಬರುವುದಿಲ್ಲ, ನಿಮಗೆ ಅನ್ವಯಿಸುವುದು ಕೌಂಟಿಯ ಸಮುದಾಯ ಅಭಿವೃದ್ಧಿ ಸಂಹಿತೆ. ಮನೆಗಂದಾಯದ ಚೀಟಿ ತೆಗೆದು ನೋಡಿ, ಯಾವ ಯಾವ ಸಂಸ್ಥೆಗೆ ತೆರಿಗೆ ಹೋಗುತ್ತಿದೆ ಎಂಬ ಪಟ್ಟಿಯಲ್ಲಿ ಪೋರ್ಟ್‌ಲ್ಯಾಂಡ್ ನಗರದ ಹೆಸರೇ ಇರುವುದಿಲ್ಲ.

ಹಾಗಾದರೆ ರಾಜ್ಯದ ಹೊಸ ಕಾನೂನು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. 2023ರಲ್ಲಿ ಶಾಸನಸಭೆ ಅಂಗೀಕರಿಸಿದ ಎಸ್‌ಬಿ 1013 ಎಂಬ ಮಸೂದೆ, ಮನೆ ಇರುವ ಗ್ರಾಮೀಣ ಸೈಟಿನಲ್ಲಿ ಒಂದು ಆರ್‌ವಿಯನ್ನು ಬಾಡಿಗೆ ವಾಸಕ್ಕೆ ಬಿಡಲು ಕೌಂಟಿಗಳಿಗೆ ಅಧಿಕಾರ ಕೊಟ್ಟಿತು. ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ಕೌಂಟಿ ಅನುಮತಿಸ'ಬಹುದು' ಎಂದಿದೆ, ಅನುಮತಿಸಲೇಬೇಕು ಎಂದಿಲ್ಲ. ಎರಡು, ಆ ಸೈಟು ನಗರ ಬೆಳವಣಿಗೆಯ ಗಡಿಯ ಹೊರಗಿರಬೇಕು. 1973ರ ಭೂಬಳಕೆ ಕಾನೂನಿನ ನಂತರ ಆರೆಗನ್‌ನ ಪ್ರತಿ ನಗರದ ಸುತ್ತಲೂ ಇಂಥದೊಂದು ಗಡಿ ಎಳೆಯಲಾಗಿದೆ. ಬೆಥನಿಯ ಉತ್ತರದ ಅಂಚಿನಲ್ಲಿ ನಿಂತರೆ ಅದು ಕಣ್ಣಿಗೇ ಕಾಣುತ್ತದೆ: ಈಚೆಗೆ ಒತ್ತೊತ್ತಾದ ಮನೆಗಳು, ಆಚೆಗೆ ಹೊಲ. ನೀವು ಈಚೆಗೆ ಇದ್ದೀರಿ. ನಗರದ ಸಂಹಿತೆ ನಿಮ್ಮನ್ನು ಮುಟ್ಟದು, ಗ್ರಾಮೀಣ ಕಾನೂನೂ ಮುಟ್ಟದು.

ಗಡಿಯಾಚೆ ಜಮೀನಿರುವ ಕನ್ನಡಿಗರೂ ಇದನ್ನು ಓದುತ್ತಿರಬಹುದಾದ್ದರಿಂದ ಉಳಿದ ಷರತ್ತುಗಳನ್ನೂ ಹೇಳಿಬಿಡುತ್ತೇನೆ. ಮಾಲೀಕರು ಆ ಸೈಟಿನ ಮನೆಯಲ್ಲೇ ವಾಸವಾಗಿರಬೇಕು. ಅಲ್ಲಿ ಬೇರೆ ಬಾಡಿಗೆ ಘಟಕವಾಗಲಿ ಇನ್ನೊಂದು ಆರ್‌ವಿಯಾಗಲಿ ಇರಬಾರದು. ಆರ್‌ವಿ ಬಾಡಿಗೆದಾರರ ಸ್ವಂತದ್ದು ಅಥವಾ ಅವರು ಗುತ್ತಿಗೆಗೆ ಪಡೆದದ್ದಾಗಿರಬೇಕು. ಅದನ್ನು ನೆಲಕ್ಕೆ ಹೂಳಿ ಅಲುಗದಂತೆ ಮಾಡಿರಬಾರದು. ರಜೆಯ ಪ್ರವಾಸಿಗರಿಗೆ ದಿನಗಳ ಲೆಕ್ಕದಲ್ಲಿ ಕೊಡುವಂತಿಲ್ಲ. ಮಾಲೀಕರು ಪಡೆಯುವ ಹಣ ಅವರ ಖರ್ಚು ಮತ್ತು ನಷ್ಟವನ್ನು ತುಂಬುವಷ್ಟೇ ಇರಬೇಕೆಂದು ಕೌಂಟಿ ಮಿತಿ ಹಾಕಲೂಬಹುದು. ಅದೊಂದನ್ನು ನಾನು ಈ ಕಾನೂನಿನ ಅತ್ಯುತ್ತಮ ವಾಕ್ಯವೆಂದು ತಿಳಿದಿದ್ದೇನೆ, ಏಕೆಂದರೆ ಮನೆಯಿಲ್ಲದವರ ಅಗತ್ಯವನ್ನು ಹಿಂಡಿ ಹಣ ಮಾಡುವ ದಾರಿಯನ್ನು ಅದು ಮುಚ್ಚಬಲ್ಲದು. ಸೆಪ್ಟಿಕ್ ತೊಟ್ಟಿ ಇರುವ ಕಡೆ, ಹೆಚ್ಚುವರಿ ಬಳಕೆಯನ್ನು ಅದು ತಾಳುತ್ತದೆಯೇ ಎಂದು ಪ್ರತ್ಯೇಕ ಒಪ್ಪಿಗೆ ಪಡೆಯಬೇಕು.

ನಿಮ್ಮ ತಮ್ಮನವರ ಪ್ರಶ್ನೆಗೆ: ಎಳೆದುಕೊಂಡು ಹೋಗುವಂತಿಲ್ಲ. ಯಾವ ಜಾಗದಲ್ಲಿ ಏನಿರಬಹುದೆಂದು ಹೇಳುವ ವಲಯ ನಿಯಮ ಅದನ್ನು ವಾಹನವೆಂದು ಕರೆದರೂ, ಬಾಡಿಗೆ ಕೊಟ್ಟು ಒಬ್ಬರು ಅದರಲ್ಲಿ ವಾಸಿಸುತ್ತಿರುವಾಗ ರಾಜ್ಯದ ಬಾಡಿಗೆ ಕಾನೂನು, ಅಂದರೆ ಆರೆಗನ್ ಶಾಸನಗಳ 90ನೆಯ ಅಧ್ಯಾಯ, ಅವರನ್ನು ಕಾಯುತ್ತದೆ. ನೋಟಿಸು ಕೊಡಬೇಕು, ನ್ಯಾಯಾಲಯಕ್ಕೆ ಹೋಗಬೇಕು. ಬೀಗ ಬದಲಿಸಿ, ಕರೆಂಟು ಕಿತ್ತು ಹೊರಹಾಕಿದ ಮಾಲೀಕರು ಎರಡು ತಿಂಗಳ ಬಾಡಿಗೆಯವರೆಗೆ ಅಥವಾ ಆದ ನಷ್ಟದ ಎರಡರಷ್ಟು, ಇದರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ತೆರಬೇಕಾಗಬಹುದು.

ಕೊನೆಯದಾಗಿ, ಟ್ರೇಲರನ್ನು ಮನೆಯ ಬಳಿ ಇಟ್ಟುಕೊಳ್ಳದೆ ಹಣ ಕೊಟ್ಟು ಸ್ಟೋರೇಜಿನಲ್ಲಿ ಏಕೆ ಇಟ್ಟಿದ್ದೀರಿ? ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘ, ಕಾರಣವೇ? ಹಾಗಿದ್ದರೆ ಕೌಂಟಿಗೆ ಹೋಗುವ ಮೊದಲು ನಿಮ್ಮ ಬಡಾವಣೆಯ ಒಪ್ಪಂದಪತ್ರವನ್ನು ಓದಿ.

ಕ್ಯಾಸ್ಟ್ರೋ ಬೀದಿ

ಕ್ಯಾಲಿಫೋರ್ನಿಯದ ಮೌಂಟನ್ ವ್ಯೂನಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಚರ್ಚೆ ಹಿತ್ತಲಿನ ಬಗ್ಗೆ ನಡೆಯುತ್ತಿರುವುದೇ ದೊಡ್ಡ ಭಾಗ್ಯ. ನಮ್ಮಲ್ಲಿ ಅದು ಬೀದಿಯ ಬಗ್ಗೆ ನಡೆಯಿತು. ದೊಡ್ಡ ತಂತ್ರಜ್ಞಾನ ಸಂಸ್ಥೆಗಳಿರುವ ಈ ಊರಿನಲ್ಲಿ ಅಡುಗೆಯವರು, ಕಟ್ಟಡ ಕೆಲಸದವರು, ಮಕ್ಕಳಿರುವ ಕುಟುಂಬಗಳು ಆರ್‌ವಿಗಳಲ್ಲಿ ರಸ್ತೆಬದಿಯಲ್ಲಿ ವಾಸಿಸುತ್ತಿದ್ದರು. 2020ರ ನವೆಂಬರಿನ ಮತದಾನದಲ್ಲಿ 'ಮೆಷರ್ ಸಿ' ಎಂಬ ನಗರದ ಪ್ರಸ್ತಾವ ಗೆದ್ದು, 40 ಅಡಿ ಅಥವಾ ಅದಕ್ಕಿಂತ ಕಡಿಮೆ ಅಗಲದ ಬೀದಿಗಳಲ್ಲಿ ದೊಡ್ಡ ವಾಹನ ನಿಲ್ಲಿಸುವುದನ್ನು ನಿಷೇಧಿಸಲಾಯಿತು. ನಾಗರಿಕ ಹಕ್ಕುಗಳ ಸಂಘಟನೆಗಳು ಮೊಕದ್ದಮೆ ಹೂಡಿದವು, ಮುಂದೆ ರಾಜಿಯಾಯಿತು. ಬೀದಿಯಲ್ಲಿ ನಿಂತವರಿಗೆ ಬಾಡಿಗೆ ಒಪ್ಪಂದವಿಲ್ಲ, ನೀರಿನ ನಲ್ಲಿಯಿಲ್ಲ, ನೋಟಿಸಿನ ಅವಧಿಯೂ ಇಲ್ಲ. ಅದೇ ಗಾಡಿ ಒಬ್ಬರ ಹಿತ್ತಲಿನೊಳಗೆ ಬಂದು ನಿಂತರೆ ಇವೆಲ್ಲವೂ ಸಿಗುತ್ತವೆ. ನನ್ನ ಮಗಳ ತರಗತಿಯಲ್ಲಿ ಅಂಥ ಕುಟುಂಬದ ಮಗುವೊಂದಿತ್ತು, ವರ್ಷದ ನಡುವೆ ಬರುವುದು ನಿಲ್ಲಿಸಿತು. ಅದನ್ನು ಮರೆಯಲು ನನಗೆ ಆಗಿಲ್ಲ.

ಶಾಂತ ಬೀದಿ

ಎಲ್ಲರೂ ಒಂದೇ ಕಡೆ ಮಾತನಾಡುತ್ತಿರುವುದರಿಂದ ಭಿನ್ನ ಅಭಿಪ್ರಾಯವನ್ನು ವಿನಯದಿಂದ ಇಡುತ್ತೇನೆ. ನಾನು ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನಲ್ಲಿ ಮನೆ ಕೊಂಡದ್ದು ಇಪ್ಪತ್ತು ವರ್ಷದ ಉಳಿತಾಯದಿಂದ. ವಲಯ ನಿಯಮವೆಂದರೆ ನೆರೆಹೊರೆಯವರು ಪರಸ್ಪರ ಕೊಟ್ಟುಕೊಂಡ ಮಾತು ಎಂದು ನಾನು ತಿಳಿದಿದ್ದೇನೆ. ಪಕ್ಕದ ಮನೆಯವರು ನಾಳೆ ಬೇಲಿಯ ಬುಡದಲ್ಲಿ ಟ್ರೇಲರ್ ನಿಲ್ಲಿಸಿದರೆ, ರಾತ್ರಿಯಿಡೀ ಅದರ ಹೀಟರ್ ಸದ್ದು ನಮ್ಮ ಮಲಗುವ ಕೋಣೆಗೆ ಕೇಳುತ್ತದೆ. ಅಲ್ಲದೆ ಪ್ರೊಪೇನ್ ಸಿಲಿಂಡರು ಮರದ ಬೇಲಿಯಿಂದ ಎರಡು ಅಡಿ ದೂರದಲ್ಲಿರುತ್ತದೆ. ಬೆಂಕಿ ಬಿದ್ದರೆ ಯಾರು ಹೊಣೆ? ಬಡವರಿಗೆ ಮನೆ ಬೇಕು ಎಂಬುದನ್ನು ಒಪ್ಪುತ್ತೇನೆ, ಆದರೆ ವಾಸಕ್ಕೆಂದು ತಯಾರಿಸದ ಗಾಡಿಯೊಳಗೆ ಅವರನ್ನು ಇರಿಸಿ ನಾವು ಉಪಕಾರ ಮಾಡಿದೆವೆಂದು ತಿಳಿಯುವುದು ಸರಿಯೇ?

ಮಳೆಗಾಲ

ಶಾಂತ ಬೀದಿಯವರ ಕೊನೆಯ ಪ್ರಶ್ನೆಗೆ ಉತ್ತರಿಸುವ ಅರ್ಹತೆ ನನಗಿದೆ ಎಂದುಕೊಳ್ಳುತ್ತೇನೆ, ಏಕೆಂದರೆ ನಾನು ಓದುತ್ತಿದ್ದಾಗ ಹದಿನಾಲ್ಕು ತಿಂಗಳು ಪೋರ್ಟ್‌ಲ್ಯಾಂಡಿನಲ್ಲಿ ಒಬ್ಬರ ಡ್ರೈವ್‌ವೇಯಲ್ಲಿ ನಿಂತಿದ್ದ ಟ್ರೇಲರಿನಲ್ಲಿ ಬಾಡಿಗೆಗೆ ಇದ್ದೆ.

ಚಳಿಗಿಂತ ಹೆಚ್ಚು ಕಷ್ಟ ಕೊಟ್ಟದ್ದು ತೇವ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಇಲ್ಲಿ ಮಳೆ ಹನಿಯುತ್ತಲೇ ಇರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಅನ್ನ ಮಾಡಿದರೆ ಆವಿ ಹೋಗುವುದಕ್ಕೆ ಜಾಗವಿಲ್ಲ, ಉಸಿರಾಟದ ನೀರೂ ಗೋಡೆಗೆ ಕೂರುತ್ತದೆ. ಡಿಸೆಂಬರಿನಲ್ಲಿ ಒಂದು ದಿನ ಹಾಸಿಗೆ ಎತ್ತಿ ನೋಡಿದರೆ ಅದರ ಅಡಿಯ ಹಲಗೆಯ ತುಂಬ ಕಪ್ಪು ಬೂಷ್ಟು ಹಿಡಿದಿತ್ತು, ಅಮ್ಮ ಕಳಿಸಿದ್ದ ಕೌದಿಯ ಒಂದು ಮೂಲೆಯೂ ಹಾಳಾಗಿತ್ತು. ಆಮೇಲೆ ತೇವ ಹೀರುವ ಯಂತ್ರ ಕೊಂಡೆ. ಅದು ದಿನಕ್ಕೆ ಒಂದು ಡಬ್ಬಿ ನೀರು ತುಂಬಿಕೊಡುತ್ತಿತ್ತು.

ಕರೆಂಟು 30 ಆಂಪಿಯರಿನದು, ಅಂದರೆ ಒಟ್ಟು 3,600 ವಾಟ್. 1,500 ವಾಟಿನ ಹೀಟರು ಉರಿಯುತ್ತಿರುವಾಗ ಮೈಕ್ರೋವೇವ್ ಹಾಕಿ, ನೀರು ಕಾಯಿಸುವುದೂ ಚಾಲೂ ಆದರೆ ಬ್ರೇಕರ್ ಬೀಳುತ್ತದೆ. ಹೀಟರು ಆರಿಸಿ ಅಡುಗೆ, ಅಡುಗೆ ಮುಗಿಸಿ ಸ್ನಾನ, ಹೀಗೆ ಒಂದರ ಹಿಂದೆ ಒಂದನ್ನು ಮಾಡುವುದು ಅಭ್ಯಾಸವಾಯಿತು.

ಇಷ್ಟಾದರೂ ನಾನು ಅದನ್ನು ಕಷ್ಟವೆಂದು ಮಾತ್ರ ನೆನೆಯುವುದಿಲ್ಲ. ಬಾಗಿಲಿಗೆ ನನ್ನದೇ ಬೀಗದ ಕೈ ಇತ್ತು, ಮನೆಯ ಯಜಮಾನರು ಅಂಚೆ ಪೆಟ್ಟಿಗೆಯ ಮೇಲೆ ನನ್ನ ಹೆಸರನ್ನೂ ಬರೆದು ಅಂಟಿಸಿದ್ದರು. ನಾಲ್ಕು ಜನರೊಂದಿಗೆ ಒಂದು ಕೋಣೆ ಹಂಚಿಕೊಂಡಿದ್ದ ಹಿಂದಿನ ವರ್ಷಕ್ಕಿಂತ ನೂರು ಪಾಲು ನೆಮ್ಮದಿಯಿಂದ ಓದಿದೆ. ಉಪಕಾರವೋ ಅಲ್ಲವೋ ಎಂಬುದು ಗಾಡಿಯಿಂದ ತೀರ್ಮಾನವಾಗುವುದಿಲ್ಲ. ಕೊಳವೆ ಒಡೆದಾಗ ಮಾಲೀಕರು ಅದೇ ದಿನ ಬಂದು ನೋಡುತ್ತಾರೆಯೇ ಎಂಬುದರಿಂದ ತೀರ್ಮಾನವಾಗುತ್ತದೆ.

ಲೆಂಟ್ಸ್ ಹಿತ್ತಲು

ಮಳೆಗಾಲದವರು ಹೇಳಿದ್ದು ಅಕ್ಷರಶಃ ನಿಜ. 2024ರ ಜನವರಿಯ ಹಿಮಬಿರುಗಾಳಿಯಲ್ಲಿ ನಮ್ಮ ಬೀದಿಯಲ್ಲಿ ಮೂರು ದಿನ ಕರೆಂಟು ಇರಲಿಲ್ಲ. ಟ್ರೇಲರಿನ ಹೀಟರು ಗ್ಯಾಸಿನದಾದರೂ ಅದರ ಫ್ಯಾನು ಬ್ಯಾಟರಿಯಿಂದ ತಿರುಗುತ್ತದೆ, ಆ ಬ್ಯಾಟರಿ ಮೊದಲ ರಾತ್ರಿಯೇ ಮುಗಿಯಿತು. ನೀರಿನ ಮೆದುಗೊಳವೆ ಕಬ್ಬಿಣದ ಸಲಾಕೆಯಂತೆ ಸೆಟೆದುಕೊಂಡಿತ್ತು. ಆ ಮೂರು ರಾತ್ರಿ ನಮ್ಮ ಬಾಡಿಗೆಯ ಮಹಿಳೆ ನಮ್ಮ ಹಜಾರದಲ್ಲಿ, ಕಟ್ಟಿಗೆಯ ಒಲೆಯ ಮುಂದೆ ಮಲಗಿದರು. ಬಾಡಿಗೆ ಒಪ್ಪಂದದಲ್ಲಿ ಇದನ್ನು ನಾವು ಬರೆದಿರಲಿಲ್ಲ, ಈಗ ಬರೆದಿದ್ದೇವೆ: ಕರೆಂಟು ಹೋಗಿ ಕೊರೆಯುವ ಚಳಿ ಬಂದರೆ ದೊಡ್ಡ ಮನೆಯ ಹಜಾರ ಅವರದೂ ಹೌದು.

ನಕ್ಷೆಗಾರ

ಶಾಂತ ಬೀದಿಯವರ ಆತಂಕವನ್ನು ತಳ್ಳಿಹಾಕಬಾರದು. ಅವರು ಹೇಳಿದ್ದರಲ್ಲಿ ಒಂದು ಅಂಶವನ್ನು ಕಾನೂನೇ ಒಪ್ಪುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಮನೆಗಳಿಗೆ 1976ರ ಜೂನ್ 15ರಿಂದ ಕೇಂದ್ರ ಸರ್ಕಾರದ ವಸತಿ ಇಲಾಖೆಯ ನಿರ್ಮಾಣ ಸಂಹಿತೆ ಇದೆ. ಆರ್‌ವಿ ಆ ಸಂಹಿತೆಯಿಂದ ಹೊರಗಿದೆ, ಅದು ಎನ್‌ಎಫ್‌ಪಿಎ 1192 ಎಂಬ ಬೇರೆ ಮಾನದಂಡಕ್ಕೆ ತಯಾರಾಗುತ್ತದೆ. ಹಾಗೆ ಹೊರಗುಳಿಯುವ ಕಾರಣವೇ ಅದು ಕಾಯಂ ವಾಸಕ್ಕಲ್ಲ, ವಿಹಾರಕ್ಕೆ ಎಂಬುದು. ಬಾಗಿಲ ಬಳಿ ಆರ್‌ವಿ ಉದ್ಯಮ ಸಂಘದ ಮುದ್ರೆಯ ಚೀಟಿ ಅಂಟಿದೆಯೇ ಎಂದು ನೋಡಿದರೆ ಯಾವ ವರ್ಗದ್ದು ಎಂದು ತಿಳಿಯುತ್ತದೆ. ವಿಮೆಯ ತೊಡಕು ಹುಟ್ಟುವುದೂ ಇಲ್ಲಿಂದಲೇ: ವಿಹಾರಕ್ಕೆಂದು ಮಾಡಿಸಿದ ಸಾಮಾನ್ಯ ಪಾಲಿಸಿ ಪೂರ್ಣಾವಧಿ ವಾಸಕ್ಕೆ ರಕ್ಷಣೆ ಕೊಡುತ್ತದೆಂದು ನಂಬಿ ಕೂರಬಾರದು. ವಿಮೆಯವರಿಗೆ ಮೊದಲೇ ಬರೆದು ಕೇಳಿ, ಲಿಖಿತ ಉತ್ತರ ಪಡೆಯಿರಿ. ಹೊಗೆಯ ಮತ್ತು ಕಾರ್ಬನ್ ಮೊನಾಕ್ಸೈಡ್‌ನ ಎಚ್ಚರಿಕೆ ಗಂಟೆಗಳನ್ನು ಹೊಸದಾಗಿ ಹಾಕಿಸಿ.

ಆದರೆ ಮಾನದಂಡದ ಕಾರಣಕ್ಕೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಈ ರಾಜ್ಯ ನೋಡಿದೆ. 2020ರ ಸೆಪ್ಟೆಂಬರಿನ ಕಾಳ್ಗಿಚ್ಚಿನಲ್ಲಿ ದಕ್ಷಿಣದ ಟ್ಯಾಲೆಂಟ್ ಮತ್ತು ಫೀನಿಕ್ಸ್ ಊರುಗಳು ಸುಟ್ಟವು. ಬೂದಿಯಾದವುಗಳಲ್ಲಿ ಅನೇಕವು ಕಡಿಮೆ ಆದಾಯದವರ ಮೊಬೈಲ್ ಮನೆಗಳು, ಅಂದರೆ ಕಾರ್ಖಾನೆಯಲ್ಲಿ ತಯಾರಿಸಿ ತಂದಿಟ್ಟ ಮನೆಗಳು. ತಮ್ಮ ಸ್ವಂತ ಸೈಟಿನಲ್ಲಿ ಆರ್‌ವಿ ಹಾಕಿಕೊಂಡು ಮನೆ ಕಟ್ಟಿಸಿಕೊಳ್ಳಲು ಹೊರಟವರಿಗೆ ಸ್ಥಳೀಯ ನಿಯಮ ಅಡ್ಡ ಬರಬಾರದೆಂದು, ಪ್ರಕೃತಿ ವಿಕೋಪದಿಂದ ವಾಸಯೋಗ್ಯವಲ್ಲದಂತಾದ ಮನೆಯ ಸೈಟಿನಲ್ಲಿ 24 ತಿಂಗಳವರೆಗೆ ಆರ್‌ವಿ ವಾಸವನ್ನು ತಡೆಯದಂತೆ 2021ರಲ್ಲಿ ಎಚ್‌ಬಿ 2809 ಕಾನೂನು ತಂದರು. ಅಗತ್ಯ ಬಿದ್ದಾಗ ಗಾಡಿ ಮನೆಯಾಗಬಲ್ಲದೆಂದು ಶಾಸನಸಭೆಯೇ ಒಪ್ಪಿದೆ. ಉಳಿದಿರುವುದು ಬೇಲಿಯಿಂದ ಎಷ್ಟು ದೂರ, ಒಳಚರಂಡಿ ಹೇಗೆ, ಸೈಟಿಗೆ ಎಷ್ಟು ಎಂಬ ಪ್ರಶ್ನೆಗಳು. ಶಾಂತ ಬೀದಿಯವರು ಆ ಪ್ರಶ್ನೆಗಳನ್ನು ಹಿಡಿದು ತಮ್ಮ ನಗರದ ಸಾರ್ವಜನಿಕ ಅಹವಾಲು ಸಭೆಗೆ ಹೋದರೆ ನಿಯಮ ಇನ್ನೂ ಚೆನ್ನಾಗುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ.

ಶಾಂತ ಬೀದಿ

ಉತ್ತರಕ್ಕೆ ಧನ್ಯವಾದ. ಸೈಟಿಗೆ ಒಂದೇ ಎಂಬ ಮಿತಿ ಮತ್ತು ಒಳಚರಂಡಿಯ ಕಡ್ಡಾಯ ನನಗೆ ತಿಳಿದಿರಲಿಲ್ಲ. ಬೇಲಿಯ ಅಂತರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಬೆಥನಿವಾಸಿ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ನಕ್ಷೆಗಾರರ ಊಹೆ ಸರಿಯಾಗಿತ್ತು. ಕಂದಾಯದ ಚೀಟಿಯಲ್ಲಿ ಪೋರ್ಟ್‌ಲ್ಯಾಂಡ್ ನಗರದ ಹೆಸರಿಲ್ಲ. ಮನೆ ಕೊಂಡಾಗ ಸಹಿ ಹಾಕಿ ಪೆಟ್ಟಿಗೆಗೆ ಸೇರಿಸಿದ್ದ ಬಡಾವಣೆಯ ಒಪ್ಪಂದಪತ್ರವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಟ್ರೇಲರನ್ನು ಸಾಮಾನು ತುಂಬಿ ಇಳಿಸುವಷ್ಟು ಹೊತ್ತಿಗಿಂತ ಹೆಚ್ಚು ಸೈಟಿನಲ್ಲಿ ನಿಲ್ಲಿಸುವಂತಿಲ್ಲ, ಅದರಲ್ಲಿ ವಾಸ ಯಾವ ಕಾರಣಕ್ಕೂ ಇಲ್ಲ ಎಂದು ಸ್ಪಷ್ಟವಾಗಿದೆ. ತಿದ್ದುಪಡಿಗೆ ಮನೆಮಾಲೀಕರ ಬಹುಮತ ಬೇಕು. ವಾರ್ಷಿಕ ಸಭೆಯಲ್ಲಿ ವಿಷಯ ಎತ್ತುತ್ತೇನೆ, ಆದರೆ ಅದಕ್ಕೆ ಕಾಯುತ್ತ ಕುಳಿತರೆ ಹುಡುಗನ ಓದೇ ಮುಗಿದುಹೋಗುತ್ತದೆ. ಅವನಿಗೆ ವಿಷಯ ತಿಳಿಸಿದೆ. 'ಪರವಾಗಿಲ್ಲ, ನೀವು ಕೇಳಿದಿರಲ್ಲ, ಅಷ್ಟೇ ಸಾಕು' ಎಂದ. ನನಗೆ ಸಾಕೆನಿಸಲಿಲ್ಲ.

ಸೇಂಟ್ ಜಾನ್ಸ್

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ನಮ್ಮ ಮನೆ ಸೇಂಟ್ ಜಾನ್ಸ್ ಸೇತುವೆಯ ಹತ್ತಿರ, ಪೋರ್ಟ್‌ಲ್ಯಾಂಡ್ ನಗರದ ಒಳಗೇ ಇದೆ. ಕಂದಾಯದ ಚೀಟಿ ನೋಡಿಯೇ ಹೇಳುತ್ತಿದ್ದೇನೆ. ಎಚ್‌ಒಎ ಇಲ್ಲ. ಹಿಂದೆ ಗ್ಯಾರೇಜ್ ಇದ್ದ ಜಾಗದಲ್ಲಿ ಕಾಂಕ್ರೀಟ್ ನೆಲ ಖಾಲಿ ಬಿದ್ದಿದೆ. ಜರ್ಮನ್‌ಟೌನ್ ರಸ್ತೆಯಲ್ಲಿ ಗುಡ್ಡ ದಾಟಿದರೆ ಬೆಥನಿಗೆ ಇಪ್ಪತ್ತೈದು ನಿಮಿಷ. ನನ್ನ ಯಜಮಾನರು ತೀರಿಕೊಂಡ ಮೇಲೆ ಸಂಜೆಯಾದರೆ ಹಿತ್ತಲಲ್ಲಿ ಒಂದು ದೀಪ ಕಂಡರೂ ಸಾಕು ಅನ್ನಿಸುತ್ತದೆ. ಹುಡುಗನನ್ನು ಕರೆದುಕೊಂಡು ಒಮ್ಮೆ ಬನ್ನಿ, ಮಾತನಾಡೋಣ.

ನಕ್ಷೆಗಾರ

ಮೇಡಂ, ನಿಮ್ಮ ಮಾತು ಕೇಳಿ ಮನಸ್ಸು ತುಂಬಿತು. ಆದರೂ ಕಾಗದದ ಕೆಲಸವನ್ನು ಬಿಡಬೇಡಿ. ಇಲ್ಲಿ ಜಾಗದ ಮಾಲೀಕರು ನೀವು, ಗಾಡಿಯ ಮಾಲೀಕರು ಬೆಥನಿಯವರು, ವಾಸಿಸುವವನು ಮೂರನೆಯವನು. ಜಾಗಕ್ಕೆ ಎಷ್ಟು, ಗಾಡಿಗೆ ಎಷ್ಟು, ಕೊಳವೆ ಒಡೆದರೆ ದುರಸ್ತಿ ಯಾರದು, ಬಿಡಿಸಬೇಕಾದರೆ ಯಾರು ಎಷ್ಟು ದಿನದ ನೋಟಿಸು ಕೊಡಬೇಕು, ಇಷ್ಟನ್ನು ಹುಡುಗ ಒಳಗೆ ಕಾಲಿಡುವ ಮೊದಲೇ ಮೂವರೂ ಕುಳಿತು ಬರೆದುಕೊಳ್ಳಿ. ಬಾಡಿಗೆ ಕಾನೂನು ಬಲ್ಲ ವಕೀಲರಿಗೆ ಒಮ್ಮೆ ತೋರಿಸಿ.

ಲೆಂಟ್ಸ್ ಹಿತ್ತಲು

ಗೇಟಿನ ಅಗಲ ಅಳೆದಿದ್ದೀರಾ? ಟ್ರೇಲರ್ ಎಂಟು ಅಡಿ ಅಗಲವಿದ್ದರೆ ತಿರುಗಿಸಿ ಒಳಗೆ ಹಾಕಲು ಹತ್ತಡಿಯಾದರೂ ಬೇಕು. ಮನೆಯ ಒಳಚರಂಡಿ ಕೊಳವೆ ಯಾವ ಪಕ್ಕದಲ್ಲಿ ಹೋಗುತ್ತದೆ ಎಂದು ಮೊದಲು ಪತ್ತೆ ಮಾಡಿ, ಟ್ರೇಲರಿನ ಎಡಬದಿ ಆ ಕಡೆಗೆ ಬರುವಂತೆ ನಿಲ್ಲಿಸಿ. ಹೊರಬಿಡುವ ಬಾಯಿ ಸಾಮಾನ್ಯವಾಗಿ ಎಡಬದಿಯಲ್ಲೇ ಇರುತ್ತದೆ. ಮತ್ತೆ ಬೆಥನಿಯವರೇ, ಜರ್ಮನ್‌ಟೌನ್ ರಸ್ತೆಯ ತಿರುವುಗಳಲ್ಲಿ ಟ್ರೇಲರ್ ಎಳೆದು ತರಬೇಡಿ. ಕಾರ್ನೀಲಿಯಸ್ ಪಾಸ್ ರಸ್ತೆಯಲ್ಲಿ ಸುತ್ತಿ 30ನೆಯ ಹೆದ್ದಾರಿಗೆ ಇಳಿದು ಸೇತುವೆ ಹತ್ತಿ.

ಸೇಂಟ್ ಜಾನ್ಸ್

ಈಗಷ್ಟೇ ಟೇಪು ಹಿಡಿದು ನೋಡಿ ಬಂದೆ. ಗೇಟು ಒಂಬತ್ತು ಅಡಿ ನಾಲ್ಕು ಇಂಚು. ಬಲಗಡೆಯ ಕಂಬ ಹೇಗೂ ಕೊಳೆತಿದೆ, ಅದನ್ನು ಕೀಳಿಸುತ್ತೇನೆ. ಪ್ಲಂಬರ್ ಗುರುವಾರ ಬೆಳಿಗ್ಗೆ ಬರುತ್ತೇನೆಂದಿದ್ದಾರೆ.